ನಾನು ತಿದ್ದಿದ ಗೋಡೆ

ಅಮೆರಿಕಕ್ಕೆ ಹೋಗಿ ಬಂದವರು ಕೆಂಪು ಸೇತುವೆ ನೋಡಿದೆ, ಸಮುದ್ರ ನೋಡಿದೆ ಎಂದು ಬರೆಯುತ್ತಾರೆ. ನಾನೂ ನೋಡಿದೆ. ಸೇತುವೆ ಮಂಜಿನಲ್ಲಿ ಅರ್ಧ ಕಂಡಿತು, ಸಮುದ್ರದ ಗಾಳಿಗೆ ನನ್ನ ಟೋಪಿ ಹಾರಿ ಹೋಯಿತು, ಅಷ್ಟೆ. ಅಲ್ಲಿಂದ ನಾನು ಹೊತ್ತು ತಂದದ್ದು ಸಿಟ್ಟು. ಬಂದು ಎರಡು ತಿಂಗಳಾಯಿತು, ಇನ್ನೂ ಇಳಿದಿಲ್ಲ. ಮನೆಯಲ್ಲಿ ನನ್ನ ಹೆಂಡತಿ, "ಅಮೆರಿಕಾದಾಗ ಏನು ಕಂಡಿರಿ, ಬರೀ ಉರಕೊಂಡು ಕುಂದರ್ತೀರಿ" ಎಂದು ಕೇಳಿ ಕೇಳಿ ಸುಮ್ಮನಾಗಿದ್ದಾಳೆ. ಅವಳಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಾನು ಗದಗಿನಲ್ಲಿ ಬೋರ್ಡು ಬರೆಯುವವನು. ಕಿರಾಣಿ ಅಂಗಡಿ, ದವಾಖಾನೆ, ಕನ್ನಡ ಶಾಲೆ, ಲಾರಿಯ ಹಿಂಭಾಗ, ಚುನಾವಣೆಯ ಗೋಡೆ, ಎಲ್ಲ ಬರೆದಿದ್ದೇನೆ. "ಇಲ್ಲಿ ಮೂತ್ರ ವಿಸರ್ಜಿಸಬಾರದು" ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬಣ್ಣ ಆರುವ ಮೊದಲೇ ಅದರ ಕೆಳಗೆ ನಿಂತವರನ್ನೂ ಕಂಡಿದ್ದೇನೆ. ಆಮೇಲೆ ಫ್ಲೆಕ್ಸ್ ಬಂತು. ನನ್ನ ಬೋರ್ಡು ಇಳಿಸಿ ಗುಜರಿಗೆ ಹಾಕಿ, ಆ ಜಾಗದಲ್ಲಿ ಹಲ್ಲು ಕಿರಿಯುವ ಮುಖಗಳನ್ನು ಕಟ್ಟಿದರು. ಒಬ್ಬನಾದರೂ ಬಂದು "ಶಿವಣ್ಣ, ನಿನ್ನ ಬೋರ್ಡು ತೆಗೀತೀನಿ" ಅನ್ನಲಿಲ್ಲ. ಅಂದಿನಿಂದ ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರು ಹೇಳುತ್ತಾರೆ. ಹೇಳಲಿ.

ಕ್ಯಾಂಪ್‌ಬೆಲ್

ವಿದ್ಯಾ ನನ್ನ ಅಕ್ಕನ ಮಗಳು. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಲ್ಲಿ ಹಲ್ಲಿನ ಡಾಕ್ಟರು, ವಯಸ್ಸು ನಲವತ್ತೊಂದು. ಈ ಸಲ ದಸರೆಗೆ ಮಾಮಾ ನಮ್ಮ ಮನೆಯಲ್ಲೇ ಇರಬೇಕು ಎಂದು ಹಟ ಹಿಡಿದು ಕರೆಸಿಕೊಂಡವಳು ಅವಳೇ. ಹೋದ ಮೊದಲ ಭಾನುವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಮೊಣಕೈಗೆ ದಪ್ಪ ಕವಚ, ಕಂಕುಳಲ್ಲಿ ನಾಲ್ಕು ಗಾಲಿಯ ಹಲಗೆ ಇಟ್ಟುಕೊಂಡು ಅವಳು ಎದುರಿಗೆ ನಿಂತಳು.

"ಮಾಮಾ, ಸ್ಕೇಟಿಂಗಿಗೆ ಹೊಂಟೀನಿ. ಬರ್ತೀರೇನು?"

"ಯಾರ ಸ್ಕೇಟಿಂಗು?"

"ನಂದು."

ಅವಳ ಗಂಡ ಸಂತೋಷ ಮೈಸೂರಿನವನು, ಸಾಧು ಮನುಷ್ಯ. "ನೀವೇ ಹೇಳಿ ಮಾವ, ನನ್ ಮಾತಂತೂ ಕೇಳಲ್ಲ. ಹೋದ್ ವರ್ಷ ಮಣಿಕಟ್ಟು ಮುರ್ಕೊಂಡು ಆರು ವಾರ ಕ್ಲಿನಿಕ್ಕು ಕ್ಲೋಸು" ಎಂದ. ನಾನೇನು ಹೇಳಲಿ? ಚಿಕ್ಕವಳಿದ್ದಾಗ ನಮ್ಮ ಓಣಿಯ ಹುಣಸೆ ಮರದಿಂದ ಇವಳನ್ನು ಇಳಿಸಿ ಇಳಿಸಿ ನನಗೆ ಸಾಕಾಗಿತ್ತು. ಚಪ್ಪಲಿ ಹಾಕಿಕೊಂಡು ಹೊರಟೆ.

ಮನೆಯಿಂದ ನಡೆದು ಹೋದರೆ ಅರ್ಧ ಗಂಟೆ. ನೀರು ಬತ್ತಿದ ದೊಡ್ಡ ಪುಷ್ಕರಣಿಯ ಹಾಗೆ ಸಿಮೆಂಟಿನ ಗುಂಡಿ. ಮೆಟ್ಟಿಲಿನ ಬದಲು ನುಣುಪಾದ ಇಳಿಜಾರು. ಅದರೊಳಗೆ ಜನ ಹಲಗೆಯ ಮೇಲೆ ನಿಂತು ಜರ್ರನೆ ಇಳಿಯುತ್ತಾರೆ, ಏರುತ್ತಾರೆ, ಬೀಳುತ್ತಾರೆ. ಬಿದ್ದವರು ಎದ್ದು ಯಾರಿಗೋ "ಸಾರಿ" ಅನ್ನುತ್ತಾರೆ. ಯಾರಾದರೂ ಚೆನ್ನಾಗಿ ಹಾರಿದರೆ ಸುತ್ತ ನಿಂತವರೆಲ್ಲ ತಮ್ಮ ಹಲಗೆಯ ತುದಿಯನ್ನು ನೆಲಕ್ಕೆ ದಬದಬ ಕುಟ್ಟುತ್ತಾರೆ. ಜಗಳ ಶುರುವಾಯಿತು ಎಂದು ನಾನು ಎದ್ದು ನಿಂತೆ. ಅದು ಅವರ ಚಪ್ಪಾಳೆಯಂತೆ.

ಗೋಡೆ

ಫ್ರೀವೇ ಎನ್ನುವ ಹೆದ್ದಾರಿಯ ಕಡೆಗೆ ಒಂದು ಉದ್ದನೆಯ ಗೋಡೆ. ಅದರ ಮೇಲೆ ಒಂದು ಗೇಣು ಜಾಗ ಖಾಲಿ ಇಲ್ಲ. ಹೆಸರುಗಳು, ಹಲ್ಲಿನ ಮೀನು, ಮೂರು ಕಣ್ಣಿನ ಬೆಕ್ಕು, ಊದಿದ ಪೂರಿಯಂಥ ಅಕ್ಷರಗಳು.

"ಈ ಗ್ವಾಡಿ ಮ್ಯಾಲೆ ಯಾರು ಬೇಕಾದ್ರೂ ಬರಿಬಹುದು ಮಾಮಾ, ಪರ್ಮಿಶನ್ನು ಐತಿ. ಬ್ಯಾರೆ ಕಡೆ ಬರದ್ರ ಸಿಟಿಯವರು ಬಂದು ಬೂದು ಬಣ್ಣ ಹೊಡದು ಹೋಗ್ತಾರ" ಎಂದಳು ವಿದ್ಯಾ.

ನನ್ನ ಕಣ್ಣೆದುರಿಗೇ ಒಬ್ಬ ಗಡ್ಡದವನು ಬಂದ. ಅಲ್ಲೊಂದು ಕೊಕ್ಕರೆ ಇತ್ತು, ನಿಜಕ್ಕೂ ಚೆಂದದ ಕೊಕ್ಕರೆ, ರೆಕ್ಕೆಯ ಒಂದೊಂದು ಗರಿಯನ್ನೂ ಯಾರೋ ಪುರುಸೊತ್ತಿನಿಂದ ಬರೆದಿದ್ದರು. ಈ ಮಹಾರಾಯ ಡಬ್ಬಿ ಅಲ್ಲಾಡಿಸಿ ಅದರ ಮುಖದ ಮೇಲೇ ಪುಸ್ಸೆಂದು ಹಸಿರು ಹೊಡೆದ. ನಾನು ತಡೆಯಲಾರದೆ "ಏಯ್" ಅಂದೆ. ಅವನು ತಿರುಗಿ, ಹಲ್ಲು ಬಿಟ್ಟು, ಹೆಬ್ಬೆರಳು ಎತ್ತಿ ತೋರಿಸಿದ. ನಾನು ಹೊಗಳಿದೆ ಎಂದು ತಿಳಿದುಕೊಂಡ!

ಮೈ ಉರಿದುಹೋಯಿತು. ನಮ್ಮಲ್ಲಿ ಒಬ್ಬ ಪೇಂಟರ್ ಬರೆದ ಗೋಡೆಗೆ ಇನ್ನೊಬ್ಬ ಸುಣ್ಣ ಹೊಡೆಯಬೇಕಾದರೆ ಮೊದಲು ಅವನನ್ನು ಹುಡುಕಿ, ಚಹಾ ಕುಡಿಸಿ, "ಹೊಡೀಲೇನಪಾ?" ಎಂದು ಕೇಳುತ್ತಾನೆ. ಬದ್ಧ ವೈರಿಯಾದರೂ ಕೇಳುತ್ತಾನೆ. ಇಲ್ಲಿ ಕೊಕ್ಕರೆ ಬರೆದವನು ಮುಂದಿನ ವಾರ ಬಂದು ನೋಡಿದರೆ ಹಸಿರು ಬಣ್ಣದ ಉಗುಳು. ಇದೇನು ಕಲೆಯೋ, ಹಾಳು ದಂಧೆಯೋ ಎಂದು ದಾರಿಯುದ್ದಕ್ಕೂ ವಿದ್ಯಾಗೆ ಬೈದೆ. "ಅದು ಹಂಗs ಮಾಮಾ, ಎಲ್ಲಾರಿಗೂ ಗೊತ್ತಿರತೈತಿ" ಎಂದು ಅವಳು ನಕ್ಕಳು. ಗೊತ್ತಿದ್ದರೆ ಮುಗಿಯಿತೇ?

ಆ ಗೋಡೆಯ ಬಲತುದಿಯಲ್ಲಿ, ಎದೆಮಟ್ಟದಲ್ಲಿ, ನನ್ನ ಕಣ್ಣು ಕುಕ್ಕುವ ಇನ್ನೊಂದು ವಸ್ತು ಇತ್ತು. ಇಂಗ್ಲಿಷಿನ ನಾಲ್ಕು ಅಕ್ಷರ: ನೋರಾ. ಮಾಸಿದ ಕೆಂಪು. ಎನ್ ಎಡಕ್ಕೆ ವಾಲಿತ್ತು. ಓ ಮೇಲೆ ಕೂಡಿರಲಿಲ್ಲ, ಬಾಯಿ ತೆರೆದುಕೊಂಡಿತ್ತು. ಆರ್‌ನ ಕಾಲು ಗಿಡ್ಡ. ಎ ಅಕ್ಷರಕ್ಕೆ ನಡುವಿನ ಗೆರೆಯೇ ಇಲ್ಲ. ಪ್ರತಿ ಅಕ್ಷರದಿಂದಲೂ ಬಣ್ಣ ಸೋರಿ ಕೆಳಗಿಳಿದಿತ್ತು. ಅದರ ಸುತ್ತ ಮಾತ್ರ ಒಂದು ಗೇಣಿನಷ್ಟು ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಮೇಲೆ ಬರೆಸಿಕೊಳ್ಳುವ ಯೋಗ್ಯತೆಯೂ ಇದಕ್ಕಿಲ್ಲ ಎಂದು ಬಿಟ್ಟಿದ್ದಾರೆ ಅಂದುಕೊಂಡೆ. ಪಾಪ ಅನ್ನಿಸಿತು. ಕಲಿಸುವವರು ಒಬ್ಬರೂ ಸಿಕ್ಕಿಲ್ಲ ಇದನ್ನು ಬರೆದ ಕೈಗೆ.

ಅದರ ಕೆಳಗಿನ ಕಟ್ಟೆಯ ಮೇಲೆ ನನ್ನದೇ ವಯಸ್ಸಿನ ಒಬ್ಬರು ಕೂತಿದ್ದರು. ಬಿಳಿ ಗಡ್ಡ, ಸವೆದ ಕವಚ. ಹೆಸರು ರೇ, ಮೊದಲು ಬಸ್ ಓಡಿಸುತ್ತಿದ್ದರು ಎಂದು ವಿದ್ಯಾ ಪರಿಚಯಿಸಿದಳು. ಹಲಗೆಯ ಮೇಲೆ ಎರಡು ಸುತ್ತು ನಿಧಾನಕ್ಕೆ ಹೋಗಿ ಬಂದು ಅಲ್ಲೇ ಕೂರುತ್ತಿದ್ದರು. ಅಲ್ಲಿ ನೆರಳಿದೆ, ಅದಕ್ಕೇ ಕೂರುತ್ತಾರೆ ಎಂದುಕೊಂಡೆ. ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಕಾಫಿ ಬಗ್ಗಿಸಿ ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಕಷಾಯ. ಆದರೂ ಕುಡಿದೆ. ಆ ದೇಶದಲ್ಲಿ ಕೇಳದೆ ನನಗೆ ಏನಾದರೂ ಕೊಟ್ಟವರು ಅವರೊಬ್ಬರೇ.

ಬಣ್ಣದ ಅಂಗಡಿ

ಗುರುವಾರ ಸಂತೋಷ ನನ್ನನ್ನು ಒಂದು ಬಣ್ಣದ ಅಂಗಡಿಯಲ್ಲಿ ಬಿಟ್ಟು ಪಕ್ಕದ ಗ್ರೋಸರಿಗೆ ಹೋದ. ಆ ಪುಸ್ಸೆನ್ನುವ ಡಬ್ಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡೋಣ ಎಂದರೆ, ಎಲ್ಲವನ್ನೂ ತಂತಿಯ ಪಂಜರದಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಗಂಟೆ ಒತ್ತಿದೆ. ಒಬ್ಬಳು ಬಂದಳು. ನನಗೆ ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬುದಕ್ಕೆ ಗುರುತಿನ ಚೀಟಿ ಬೇಕಂತೆ! ತಲೆ ಬಗ್ಗಿಸಿ ಬಿಳಿ ಕೂದಲು ತೋರಿಸಿದೆ. ನಕ್ಕಳು, ಬೀಗ ತೆಗೆಯಲಿಲ್ಲ. ಪಾಸ್‌ಪೋರ್ಟ್ ಮನೆಯಲ್ಲಿತ್ತು.

ನಾಲ್ಕು ಹೆಜ್ಜೆ ಆಚೆ ಹೋದರೆ ಎನಾಮೆಲ್ ಡಬ್ಬಿ, ಬ್ರಷ್, ಟರ್ಪೆಂಟೈನ್ ಸಾಲಾಗಿ ಇಟ್ಟಿದ್ದರು. ಬೀಗವಿಲ್ಲ, ಕೇಳುವವರಿಲ್ಲ. ಇವುಗಳಿಂದ ಗೋಡೆ ಕೆಡುವುದಿಲ್ಲ ಎಂಬ ನಂಬಿಕೆ ಇರಬೇಕು. ಕೆಂಪು ಒಂದು, ಬಿಳಿ ಒಂದು, ಟರ್ಪೆಂಟೈನ್ ಒಂದು, ಮೂರು ಬ್ರಷ್ ತಂದೆ.

ಖಂಡೇಪೂಜೆ

ಶನಿವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ವಿದ್ಯಾ ದೇವರ ಮುಂದೆ ಹಲ್ಲು ಕೀಳುವ ಇಕ್ಕಳ ಇಟ್ಟಳು, ಸಂತೋಷ ಲ್ಯಾಪ್‌ಟಾಪ್ ಇಟ್ಟ, ಆಮೇಲೆ ಅವಳ ಗಾಲಿ ಹಲಗೆಯೂ ಬಂತು. ಅದಕ್ಕೂ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂ ಇಟ್ಟೆ. ನನ್ನ ಮೂರು ಹೊಸ ಬ್ರಷ್ ಅದರ ಪಕ್ಕ.

ನನಗೆ ಕೆಲಸ ಕಲಿಸಿದವರು ಖಾದರಸಾಬರು. ನಾವು ಉಸ್ತಾದರು ಅನ್ನುತ್ತಿದ್ದೆವು. ಅವರದೊಂದು ಕಟ್ಟಪ್ಪಣೆ ಇತ್ತು: ಖಂಡೇಪೂಜೆ ಆದ ಮೇಲೆ ಮೊದಲ ಬಣ್ಣ ಧರ್ಮದ ಕೆಲಸಕ್ಕೆ. ಊರಲ್ಲಿ ಯಾವ ಬೋರ್ಡು ತೀರ ಮಾಸಿದೆಯೋ, ಯಾವುದಕ್ಕೆ ಯಾರೂ ದಿಕ್ಕಿಲ್ಲವೋ, ಅದನ್ನು ಹೋಗಿ ತಿದ್ದಿ ಬರಬೇಕು. ಕೂಲಿ ತಗೋಬಾರದು, ಯಾರಿಗೂ ಹೇಳಬಾರದು, ನಮ್ಮ ಹೆಸರು ಹಾಕಬಾರದು. ಶಾಲೆಯ ಬೋರ್ಡು, ದರ್ಗಾದ ಕಮಾನು, ಸ್ಮಶಾನದ ಗೇಟು, ಹೀಗೆ ವರ್ಷಕ್ಕೊಂದು ತಿದ್ದುತ್ತ ಬಂದಿದ್ದೇನೆ. ಒಂದು ವರ್ಷವೂ ತಪ್ಪಿಸಿಲ್ಲ.

ಈಗ ನಿಮಗೆ ಗೊತ್ತಾಗಿರಬೇಕು. ಹನ್ನೊಂದು ಗಂಟೆಗೆ, ವಿದ್ಯಾ ಹೋಳಿಗೆಗೆ ಹೂರಣ ರುಬ್ಬುತ್ತಿರುವಾಗ, ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಎಲ್ಲಿಗೆ ಎಂದಳು. ತಿರುಗಾಡಿ ಬರ್ತೀನಿ ಎಂದೆ.

ಸಿಮೆಂಟಿನ ಗುಂಡಿಯಲ್ಲಿ ಇಬ್ಬರೋ ಮೂವರೋ ಇದ್ದರು. ಕಿವಿಯಲ್ಲಿ ಹಾಡು ತುರುಕಿಕೊಂಡಿದ್ದರು, ನನ್ನತ್ತ ನೋಡಲಿಲ್ಲ. ನಾನು ನೋರಾ ಎದುರಿಗೆ ನಿಂತೆ. ಮೊದಲ ಮೂರು ಅಕ್ಷರಗಳಿಂದ ಸೋರಿದ ಬಣ್ಣದ ಗೆರೆಗಳನ್ನು ಬ್ಲೇಡಿನಿಂದ ಕೆರೆದೆ. ಅವುಗಳ ಸುತ್ತ ಬಿಳಿ ಬಳಿದು ಹಿನ್ನೆಲೆ ಶುದ್ಧ ಮಾಡಿದೆ. ದಾರಕ್ಕೆ ಸೀಮೆಸುಣ್ಣ ಸವರಿ ಮೇಲೊಂದು ಕೆಳಗೊಂದು ಗೆರೆ ಹೊಡೆದೆ. ವಾಲಿದ ಎನ್ ನೆಟ್ಟಗಾಯಿತು. ಓ ಬಾಯಿ ಮುಚ್ಚಿದೆ. ಒಂದೇ ಉಸಿರಿನಲ್ಲಿ, ಬಳೆಯಷ್ಟು ಗುಂಡಗೆ. ಅರವತ್ಮೂರು ದಾಟಿದರೂ ನನ್ನ ಕೈ ನಡುಗುವುದಿಲ್ಲ. ಆರ್‌ಗೆ ಕಾಲು ಕೊಟ್ಟೆ. ಅಷ್ಟರಲ್ಲಿ ಫೋನು. "ಮಾವ, ಎಲ್ಲಿದೀರ? ಎಲೆ ಹಾಕಿದೀವಿ" ಎಂದ ಸಂತೋಷ. ಎ ಒಂದು ಉಳಿಯಿತು. ನಾಳೆ ಮಾಡಿದರಾಯಿತು ಎಂದುಕೊಂಡೆ.

ಬ್ರಷ್ ತೊಳೆಯುವ ಮುಂಚೆ ಒಂದು ಆಸೆ ಹುಟ್ಟಿತು. ಅಮೆರಿಕದ ಗೋಡೆಯ ಮೇಲೆ ನನ್ನದೂ ಇರಲಿ. ಉಸ್ತಾದರ ಮಾತು ಮೀರಿ, ಕೆಳಗಿನ ಮೂಲೆಯಲ್ಲಿ ಸಣ್ಣಗೆ ಕನ್ನಡದಲ್ಲಿ "ಶಿವು, ಗದಗ" ಎಂದು ಬರೆದೆ. ಆ ದಿನ ನಾನು ತಿಂದಷ್ಟು ಹೋಳಿಗೆ ಯಾವ ಹಬ್ಬದಲ್ಲೂ ತಿಂದಿಲ್ಲ.

ಎರಡನೆಯ ಭಾನುವಾರ

ಮರುದಿನ ವಿದ್ಯಾಗಿಂತ ಮೊದಲೇ ನಾನು ತಯಾರಾಗಿ ನಿಂತಿದ್ದೆ. ಚೀಲದಲ್ಲಿ ಡಬ್ಬಿಗಳಿದ್ದವು. ದಾರಿಯಲ್ಲಿ ಏನೂ ಹೇಳಲಿಲ್ಲ, ಅವಳೇ ನೋಡಿ ಬೆರಗಾಗಲಿ ಎಂದು.

ಗೋಡೆಯ ಬಲತುದಿಗೆ ಹತ್ತು ಹದಿನೈದು ಜನ ನಿಂತಿದ್ದರು. ಗಾಲಿಗಳ ಸದ್ದಿಲ್ಲ. ನಡುವೆ ರೇ. ಹೆಲ್ಮೆಟ್ ಕೈಯಲ್ಲಿತ್ತು. ನಾನು ಬರೆದ ಓ ಅಕ್ಷರದ ನೆತ್ತಿಯ ಮೇಲೆ, ಮೊದಲು ಬಾಯಿ ತೆರೆದಿದ್ದ ಜಾಗದಲ್ಲಿ, ಬೆರಳಿಟ್ಟುಕೊಂಡು ನಿಂತಿದ್ದರು. ಹಸಿ ಇದ್ದೀತು, ಮುಟ್ಟಬೇಡಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ವಿದ್ಯಾ ಮೂಲೆಯ ಕನ್ನಡ ಓದಿದಳು. ನನ್ನ ಕಡೆ ತಿರುಗಿದಳು.

"ಮಾಮಾ. ಇದು ನೀವು ಮಾಡಿದ್ದೇನು?"

"ಹೌದು. ಎ ಒಂದು ಉಳದೈತಿ, ಈಗ—"

"ಯಾರಿಗೆ ಕೇಳಿ ಮಾಡಿದ್ರಿ?"

"ಕೇಳೂದೇನು? ಯಾರು ಬೇಕಾದ್ರೂ ಬರಿಬಹುದು ಅಂದಾಕಿ ನೀನs. ಹೊಲಸಾಗಿತ್ತು, ಛಂದ ಮಾಡೀನಿ. ಪುಕ್ಕಟೆ ಮಾಡೀನಿ!"

"ನೋರಾ ಅಂದ್ರ ಇವರ ಮಗಳು ಮಾಮಾ" ಎಂದಳು ಅವಳು. "ನನಗ ಹಲಗಿ ಮ್ಯಾಲೆ ನಿಂದರೂದು ಕಲಿಸಿದಾಕಿ. ಜಡ್ಡಾಗಿ ತೀರಿಕೊಂಡು ಮೂರು ವರ್ಷ ಆತು. ದವಾಖಾನಿಗೆ ಅಡ್ಮಿಟ್ ಆಗೂ ಹಿಂದಿನ ದಿನ ಇಲ್ಲಿಗೆ ಬಂದು ಬರದು ಹೋಗಿದ್ಲು. ನಿಂದರಾಕ ಆಗ್ತಿರಲಿಲ್ಲ, ಒಂದು ಕೈಲೆ ಗ್ವಾಡಿ ಹಿಡಕೊಂಡು ಬರದ್ಲು. ಅದು ಅಕಿ ಕೈ. ಅದಕ್ಕs ಇಷ್ಟು ದಿನ ಒಬ್ಬರೂ ಮುಟ್ಟಿರಲಿಲ್ಲ."

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹಾಗಾದರೆ ಒಂದು ಬೋರ್ಡು ಹಾಕಬೇಕಿತ್ತು! ಸುತ್ತ ಒಂದು ಬೇಲಿ, ಒಂದು ಫೋಟೋ, ಒಂದು ದೀಪ, ಏನಾದರೂ! ನಮ್ಮಲ್ಲಿ ಸತ್ತವರ ಹೆಸರಿಗೆ ಹಾರ ಹಾಕುತ್ತಾರೆ, ದೂರದಿಂದಲೇ ಗೊತ್ತಾಗುತ್ತದೆ. ಇಲ್ಲಿ ಏನೂ ಇಲ್ಲದ ಒಂದು ಗೇಣು ಜಾಗವನ್ನು ನೋಡಿ ನಾನು ತಿಳಿದುಕೊಳ್ಳಬೇಕಿತ್ತೇ?

"ನಂಗ್ಯಾಕ ಹೇಳಲಿಲ್ಲ ನೀ?" ಎಂದು ವಿದ್ಯಾ ಮೇಲೆ ಕೂಗಿದೆ.

"ನೀವು ಯಾಕ ಕೇಳಲಿಲ್ಲ? ನಿಮ್ಮ ಬೋರ್ಡು ಕೇಳದs ತಗದ್ರು ಅಂತ ಇಷ್ಟು ವರ್ಷ ಎಲ್ಲಾರಿಗೂ ಬೈಕೋತ ಬಂದೀರಿ. ನೀವು ಕೇಳಿದ್ರೇನು?"

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

ರೇ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿತ್ತು. ವಿದ್ಯಾ ಕಡೆ ತಿರುಗಿ ಮೆಲ್ಲಗೆ ಏನೋ ಹೇಳಿದರು. ನಾನು ಕೇಳಿದೆ, ಏನಂದರು ಎಂದು. ಅವಳು ಹೇಳಲು ಒಲ್ಲೆ ಎಂದಳು. ಮತ್ತೆ ಕೇಳಿದೆ.

"ಸಣ್ಣಾಕಿ ಇದ್ದಾಗಿಂದ ಅಕಿ ಓ ಮುಚ್ಚತಿರಲಿಲ್ಲಂತ. ಸಾಲ್ಯಾಗ ಟೀಚರು ಬೈತಿದ್ರಂತ. ಇವರೂ ತಿದ್ದಾಕ ನೋಡಿದ್ರಂತ, ಅಕಿ ಕೇಳಲಿಲ್ಲಂತ."

ನಾನು ಚೀಲದಿಂದ ಟರ್ಪೆಂಟೈನ್ ತೆಗೆದೆ, ಬಟ್ಟೆಗೆ ಹಚ್ಚಿ ಎನ್ ಅಕ್ಷರದ ಒಂದು ಅಂಚನ್ನು ಒರೆಸಿದೆ. ನನ್ನ ಕೆಂಪು ಬಂತು. ಅದರ ಹಿಂದೆಯೇ ಮಾಸಿದ ಕೆಂಪೂ ಬಂತು. ಎರಡೂ ಒಂದೇ ಬಟ್ಟೆಯ ಮೇಲೆ ಕಲೆತು ನಿಂತವು. ಕೈ ಹಿಂದಕ್ಕೆ ತೆಗೆದೆ. ಬ್ಲೇಡಿನಿಂದ ಕೆರೆದ ಗೆರೆಗಳಂತೂ ನಿನ್ನೆಯೇ ಪುಡಿಯಾಗಿ ನೆಲ ಸೇರಿದ್ದವು. ಇಷ್ಟು ವರ್ಷ ಕಸುಬು ಮಾಡಿದವನಿಗೆ, ಆ ಹಳೆಯ ಬಣ್ಣ ಮರಳಿ ಬರುವುದಿಲ್ಲ ಎಂದು ತಿಳಿಯಲು ಎರಡನೇ ಸಲ ಒರೆಸಬೇಕಾಗಿರಲಿಲ್ಲ.

ಆದರೆ ನನಗೆ ಒಂದು ವಿದ್ಯೆ ಇದೆ. ಒಮ್ಮೆ ನೋಡಿದ ಅಕ್ಷರ ಮರೆಯುವುದಿಲ್ಲ, ಕೆಟ್ಟ ಅಕ್ಷರವಂತೂ ಸಾಯುವ ತನಕ ಮರೆಯುವುದಿಲ್ಲ. ಜೇಬಿನಲ್ಲಿ ಗ್ರೋಸರಿಯ ಚೀಟಿ ಇತ್ತು. ಅದರ ಹಿಂದೆ, ಮೊಣಕಾಲ ಮೇಲಿಟ್ಟುಕೊಂಡು ಪೆನ್ನಿನಿಂದ ಬರೆದೆ. ಎಡಕ್ಕೆ ವಾಲಿದ ಎನ್. ಬಾಯಿ ತೆರೆದ ಓ. ಗಿಡ್ಡ ಕಾಲಿನ ಆರ್. ಯಾವ ಅಕ್ಷರದಿಂದ ಎಷ್ಟು ಬಣ್ಣ ಎಲ್ಲಿಯವರೆಗೆ ಸೋರಿತ್ತೋ ಅದನ್ನೂ ಹಾಕಿದೆ. ಚೀಟಿಯನ್ನು ರೇ ಕೈಗೆ ಕೊಟ್ಟೆ.

ಅವರು ಅದನ್ನು ಬಹಳ ಹೊತ್ತು ನೋಡಿದರು. ಇದೇ, ಇದೇ ಎಂಬಂತೆ ತಲೆಯಾಡಿಸಿದರು.

"ಅವರಿಗೆ ಹೇಳು" ಎಂದೆ ವಿದ್ಯಾಗೆ. "ಇದ್ದದ್ದು ಇದ್ದಂಗ ಬರದು ಕೊಡ್ತೀನಿ. ಕೂದಲೆಳಿ ಅಷ್ಟೂ ಫರಕ್ ಇರಂಗಿಲ್ಲ. ಗೊತ್ತಿಲ್ಲದವರು ಬಂದ್ರ, ಅಕಿನs ಬರದಾಳ ಅನಬೇಕು. ಹಂಗ ಬರೀತೀನಿ."

ಅವಳು ಹೇಳಿದಳು. ನಾನು ಆಗಲೇ ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದೆ. ರೇ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಅಲ್ಲ, ಮೆತ್ತಗೆ. ಏನೋ ಹೇಳಿದರು.

"ನಿಮ್ಮ ಕೈ ಭಾಳ ಛಲೋ ಐತಂತ" ಎಂದಳು ವಿದ್ಯಾ. "ಆದ್ರ ಅದು ನಿಮ್ಮ ಕೈ ಅಂತ."

ಮುಚ್ಚಳ ಹಾಕಿದೆ. ಚೀಟಿಯನ್ನು ಅವರು ಹರಿಯಲಿಲ್ಲ, ನನಗೆ ಮರಳಿಸಲೂ ಇಲ್ಲ. ಮಡಚಿ ಎದೆಯ ಜೇಬಿನಲ್ಲಿ ಇಟ್ಟುಕೊಂಡು, ಉಳಿದಿದ್ದ ಎ ಅಕ್ಷರದ ಕೆಳಗೆ ಹೋಗಿ ಕೂತರು.

ಫಾಸ್ಟರ್ ಸಿಟಿ, ಸುಮ್ಮನೆ

ಆ ವಾರ ಸಂತೋಷ ನನ್ನನ್ನು ಅಲ್ಲಿ ಇಲ್ಲಿ ತಿರುಗಾಡಿಸಿದ. ಲಾಸ್ ಆಲ್ಟೋಸ್‌ನಲ್ಲಿ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲದ ಚೆಂದದ ಮನೆಗಳು, ಫಾಸ್ಟರ್ ಸಿಟಿಯಲ್ಲಿ ಹಿತ್ತಲಿಗೇ ನೀರು ಬಂದು ನಿಂತ ಮನೆಗಳು. "ಹೇಗಿದೆ ಮಾವ?" ಎಂದ. ಗೋಡೆಗಳನ್ನು ನೋಡಿದೆ. ಎಲ್ಲವೂ ಒಂದೇ ಬಣ್ಣ, ಒಂದು ಗೆರೆಯಿಲ್ಲ, ಯಾರ ಕೈಗುರುತೂ ಇಲ್ಲ. ಮೊದಲ ವಾರವಾಗಿದ್ದರೆ ಮೆಚ್ಚುತ್ತಿದ್ದೆ. ಆಗ ಮಾತ್ರ ಹಲ್ಲು ಕಡಿದು, "ನೀರು ಹೊಲಸು ವಾಸನಿ ಬರ್ತೈತಿ" ಎಂದೆ. ಬರುತ್ತಿರಲಿಲ್ಲ. ಪಾಪ, ಅವನೇನು ಮಾಡಿದ್ದ? ವಿದ್ಯಾ ಮೂರು ದಿನ ನನ್ನೊಡನೆ ಊಟ, ನಿದ್ದೆ, ಔಷಧ ಬಿಟ್ಟು ಬೇರೆ ಮಾತಾಡಲಿಲ್ಲ. ನಾಲ್ಕನೆಯ ದಿನ ತಟ್ಟೆಗೆ ಕೇಳದೆ ತುಪ್ಪ ಬಡಿಸಿದಳು. ಅದರ ಮೇಲೂ ಸಿಟ್ಟು ಬಂತು.

ಮೂರನೆಯ ಭಾನುವಾರ

ಹೋಗುವುದಿಲ್ಲ ಎಂದು ಕೂತಿದ್ದೆ. ವಿದ್ಯಾ, "ಏಳ್ರಿ ಮಾಮಾ, ಹೆದರಿಕೊಂಡು ಊರಿಗೆ ಹೋಗಬ್ಯಾಡ್ರಿ" ಎಂದಳು. ಹೆದರಿಕೆ ಅಂದಾಗ ಎದ್ದೆ.

ಗೋಡೆ ಬದಲಾಗಿತ್ತು. ನನ್ನ ನೆಟ್ಟನೆಯ ಎನ್ ಇರಲಿಲ್ಲ. ಗುಂಡನೆಯ ಓ ಇರಲಿಲ್ಲ, ಆರ್ ಇರಲಿಲ್ಲ, ಮೂಲೆಯ "ಶಿವು, ಗದಗ" ಇರಲಿಲ್ಲ. ಅವುಗಳ ಮೇಲೆ ಯಾರೋ ನೀಲಿ ಬಣ್ಣದಲ್ಲಿ ದೊಡ್ಡ ಮೀನು ಬರೆದಿದ್ದರು. ರೆಕ್ಕೆ ಸೊಟ್ಟ, ಬಣ್ಣ ಸೋರಿತ್ತು. ಅಲ್ಲಿಯವರಿಗೆ ಅದು ಈಗ ನೋರಾಳ ಕೈಯಲ್ಲ, ಬರೀ ಗೋಡೆ. ಆ ಮೀನು ಈಜಿ ಈಜಿ ಬಂದು ಎ ಅಕ್ಷರದಿಂದ ಒಂದು ಗೇಣು ಈಚೆಗೆ ನಿಂತಿತ್ತು. ನಡುವಿನ ಗೆರೆಯಿಲ್ಲದ, ಸೋರಿದ, ಮಾಸಿದ ಕೆಂಪಿನ ಆ ಒಂದು ಅಕ್ಷರದ ಸುತ್ತ ಮತ್ತೆ ಖಾಲಿ ಜಾಗ. ಯಾರೂ ಅಲ್ಲಿ ಬೋರ್ಡು ಹಾಕಿರಲಿಲ್ಲ.

ಫೋನು ಬಂದಿರದಿದ್ದರೆ ಅದನ್ನೂ ತಿದ್ದಿರುತ್ತಿದ್ದೆ. ನನ್ನ ಒಳ್ಳೆಯತನದಿಂದ ಉಳಿದದ್ದಲ್ಲ ಅದು, ಊಟದ ಹೊತ್ತಾಯಿತು ಎಂದು ಉಳಿದದ್ದು. ನೆನೆದಾಗೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಬೇರೆಯವರ ಮೇಲಿನ ಸಿಟ್ಟನ್ನು ಬೈದು ಕಳೆದುಕೊಳ್ಳಬಹುದು. ಇದನ್ನು ಯಾರ ಮುಂದೆ ಬೈಯಲಿ?

ರೇ ಎ ಅಕ್ಷರದ ಕೆಳಗೆ ಕೂತಿದ್ದರು. ನನ್ನನ್ನು ನೋಡಿದರು. ಪಕ್ಕದಲ್ಲಿಟ್ಟಿದ್ದ ಹೆಲ್ಮೆಟ್ಟನ್ನು ತೆಗೆದು ಕಾಲ ಬಳಿ ಇಟ್ಟು, ಕಟ್ಟೆಯ ಮೇಲೆ ನನಗೆ ಜಾಗ ಮಾಡಿದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ನಾನು ಕೂರಲಿಲ್ಲ. ಅವರು ಬೈದಿದ್ದರೆ ಕೂರುತ್ತಿದ್ದೆ.